ಅಪ್ಪನ ಹಳೆಯ ಅಂಗಿಯಿಂದ ಮಗುವಿನ ಫ್ರಾಕ್

ಹೊಲಿಗೆಗೆ ಹೊಸಬರಾದವರು ಜಾರುವ ಸೀರೆಗೋ ದಪ್ಪ ಜೀನ್ಸಿಗೋ ಕೈಹಾಕದೆ, ಉದ್ದ ತೋಳಿನ ಹತ್ತಿ ಅಂಗಿಯಿಂದ ಆರಂಭಿಸುವುದು ಒಳ್ಳೆಯದು. ಹಲವು ಸಲ ಒಗೆದ ಹತ್ತಿ ಮತ್ತೆ ಕುಗ್ಗುವುದು ಕಡಿಮೆ, ಮಗುವಿನ ಮೈಗೂ ಮೆತ್ತಗಿರುತ್ತದೆ. ಆದರೆ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, ಕಂಕುಳು, ಮೊಣಕೈಗಳಲ್ಲಿ ಎಳೆ ಸವೆದಿದ್ದರೆ ಆ ಭಾಗವನ್ನು ಬಿಟ್ಟುಬಿಡಬೇಕು.

ಗುಂಡಿಪಟ್ಟಿಯನ್ನು ಮಾತ್ರ ಬಿಚ್ಚಬಾರದು. ಹೊಸಬರನ್ನು ಹೆಚ್ಚು ಕಾಡುವುದು ಕಾಜಾ, ಅಂದರೆ ಗುಂಡಿ ತೂರಿಸುವ ರಂಧ್ರದ ಕೆಲಸವೇ. ಅಂಗಿಯ ಮುಂಭಾಗವನ್ನು ಫ್ರಾಕಿನ ಬೆನ್ನಾಗಿ ಬಳಸಿದರೆ ಗುಂಡಿಯೂ ಕಾಜಾವೂ ಸಿದ್ಧವಾಗಿಯೇ ಸಿಗುತ್ತವೆ. ಕೆಳ ಅಂಚು ನೇರವಾಗಿದ್ದರೆ ಅದನ್ನೂ ಉಳಿಸಿಕೊಳ್ಳಬಹುದು.

ಮಗುವಿಗೆ ಈಗ ಸರಿಹೊಂದುವ ತೋಳಿಲ್ಲದ ಫ್ರಾಕನ್ನು ದಿನಪತ್ರಿಕೆಯ ಮೇಲೆ ಹರಡಿ, ಸುತ್ತ ಗೆರೆ ಎಳೆದು, ಹೊಲಿಗೆಗೆಂದು ಅರ್ಧ ಇಂಚು ಹೆಚ್ಚು ಬಿಟ್ಟು ಕತ್ತರಿಸಿದರೆ ಅಳತೆಯ ಮಾದರಿ ದೊರೆಯುತ್ತದೆ. (ಬಿಳಿ ಅಂಗಿಗೆ ಪತ್ರಿಕೆಯ ಮಸಿ ಅಂಟುವುದರಿಂದ ಕಂದು ಕಾಗದ ಲೇಸು.) ಅಂಗಿಯ ಗುಂಡಿಗಳನ್ನು ಹಾಕಿ, ಗುಂಡಿಸಾಲು ಮಾದರಿಯ ನಡುಗೆರೆಗೆ ಕೂಡುವಂತೆ ಇಟ್ಟು ಕತ್ತರಿಸಬೇಕು. ಕತ್ತಿನ ಹೊಲಿಗೆಯ ದಾರಿಗೆ ಗುಂಡಿ ಅಡ್ಡ ಬಂದರೆ ಮೊದಲೇ ಕಿತ್ತುಬಿಡಬೇಕು, ಇಲ್ಲವಾದರೆ ಸೂಜಿ ಮುರಿಯುತ್ತದೆ.

ಮೊದಲು ಭುಜಗಳನ್ನು ಕೂಡಿಸಿ, ಅಂಗಿಯ ತೋಳಿನಿಂದ 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಒಂದೂಕಾಲು ಇಂಚಿನ ಪಟ್ಟಿಯನ್ನು ಕತ್ತು ಹಾಗೂ ತೋಳಿನ ಸುತ್ತ ಕೊಟ್ಟು, ಬಳಿಕ ಪಕ್ಕಗಳನ್ನು ಹೊಲಿಯಬೇಕು. ಓರೆ ಪಟ್ಟಿ ತುಸು ಹಿಗ್ಗುವುದರಿಂದ ತಿರುವುಗಳಲ್ಲಿ ಸುಕ್ಕಾಗದೆ ಕೂರುತ್ತದೆ. ಲೇಸಿಗಾಗಿ ಚಿಕ್ಕಪೇಟೆಯವರೆಗೆ ಹೋಗುವ ಉತ್ಸಾಹವಿದ್ದರೆ ಹೋಗಬಹುದು, ಅಗತ್ಯವಂತೂ ಇಲ್ಲ. ಪುಟ್ಟ ಮಕ್ಕಳು ಗುಂಡಿಯನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಬಹುದಾದ್ದರಿಂದ, ಹಳೆಯ ಗುಂಡಿಗಳಿಗೆಲ್ಲ ಹೊಸ ದಾರದಿಂದ ಮತ್ತೊಮ್ಮೆ ಬಿಗಿಯಾಗಿ ಹೊಲಿಗೆ ಹಾಕಬೇಕು.