ಕಡಲ ಬದಿಯ ಮನೆ ಏಕೆ ಅಗ್ಗ: ಕೊಪ್ಪಳದಿಂದ ಕುಮಟೆಗೆ ಹೋದ ನನ್ನ ಅನುಭವ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸಮುದ್ರದಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ, ಎಂಟು ಗುಂಟೆ ಜಾಗದಲ್ಲಿರುವ ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮನೆಯೊಂದನ್ನು 24 ಲಕ್ಷದ ಆಸುಪಾಸಿನಲ್ಲಿ ಕೊಂಡು, ನಾವು ಅಲ್ಲಿ ಎರಡು ಮಳೆಗಾಲ ಕಳೆದಿದ್ದೇವೆ. ನೀರಾವರಿ ಇಲಾಖೆಯಿಂದ ನಿವೃತ್ತನಾಗಿ ಕೊಪ್ಪಳದಲ್ಲಿ ನೆಲೆಸಿದ್ದ ನಾನು ಈ ವಿಚಾರ ಎತ್ತಿದಾಗ, ಮುನಿರಾಬಾದಿನ ಹಳೆಯ ಸಹೋದ್ಯೋಗಿಗಳಾಗಲಿ ಸಿಂಧನೂರಿನ ನನ್ನ ಷಡ್ಡಕರಾಗಲಿ ಒಪ್ಪಿರಲಿಲ್ಲ. "ಅಗ್ಗದ ಮನಿ ಅಂತ ಹೋಗ್ತಿ, ಆಮ್ಯಾಲೆ ಅದಕ್ಕ ರೊಕ್ಕ ಸುರಿಯೋದ ಆಗ್ತದ ನೋಡು" ಎಂದು ಷಡ್ಡಕರು ನೇರವಾಗಿಯೇ ಹೇಳಿದ್ದರು. ಈಗ ಅವರೇ ತಮ್ಮ ಮಗಳಿಗಾಗಿ ಹೊನ್ನಾವರದ ಕಡೆ ಜಾಗ ನೋಡಬೇಕೆಂದು ನನ್ನನ್ನು ಕೇಳುತ್ತಿದ್ದಾರೆ. ಬಿಡಿಬಿಡಿಯಾಗಿ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುವುದು ಒಳಿತೆನಿಸಿತು. ಪಹಣಿ, ಋಣಭಾರ ಪತ್ರ, ಇ-ಸ್ವತ್ತಿನ ನಮೂನೆ 9 ಮತ್ತು 11 ಈ ಆಸ್ತಿ ದಾಖಲೆಗಳ ಪರಿಚಯ ಓದುವವರಿಗೆ ಇದ್ದೇ ಇರುತ್ತದೆ ಎಂದುಕೊಂಡು ಆ ವಿವರಣೆಗೆ ಹೋಗುವುದಿಲ್ಲ.

ನನ್ನ ಕ್ರಮ ಇಷ್ಟೇ: ಬೆಲೆಯ ಚೌಕಾಶಿಗೆ ಇಳಿಯುವ ಮೊದಲು ಆ ಮನೆ ಏಕೆ ಅಗ್ಗವಾಗಿದೆ ಎಂಬ ಕಾರಣವನ್ನು ಪತ್ತೆ ಮಾಡುವುದು, ಆ ಕಾರಣಕ್ಕೆ ಹತ್ತು ವರ್ಷಗಳಲ್ಲಿ ಎಷ್ಟು ಹಣ ಹೋಗುತ್ತದೆ ಎಂದು ಬರೆಯುವುದು, ಬಳಿಕ ಆ ಮೊತ್ತವನ್ನು ಕೇಳಿದ ಬೆಲೆಗೆ ಕೂಡಿಸಿ ನೋಡುವುದು. ಎಷ್ಟು ಹಣ ಸುರಿದರೂ ಸರಿಹೋಗದ ಕಾರಣವಾದರೆ ಕೂಡಿಸುವ ಕೆಲಸವೇ ಬೇಡ, ಅಲ್ಲಿಂದಲೇ ಹಿಂತಿರುಗುವುದು. ಮಾಲೀಕ ತನ್ನ ಮನೆಯ ಕೊರತೆಯನ್ನು ತಾನಾಗಿ ಹೇಳುತ್ತಾನೆಯೇ ಎಂಬುದು ಎಲ್ಲರ ಆಕ್ಷೇಪವಾಗಿತ್ತು. ಅವನು ಹೇಳಬೇಕಾಗಿಲ್ಲ, ಕಾಲ ಹೇಳುತ್ತದೆ. ಬಾವಿಯನ್ನು ಮೇ ತಿಂಗಳಲ್ಲಿ ನೋಡಬೇಕು, ಗೋಡೆಯನ್ನೂ ಮಾಡನ್ನೂ (ಚಾವಣಿಯನ್ನೂ) ಜುಲೈನಲ್ಲಿ ನೋಡಬೇಕು. ನಮ್ಮ ಕಡೆಯವರು ಡಿಸೆಂಬರ್ ಜನವರಿಯಲ್ಲಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದಾಗ ತಂಪಾದ ಗಾಳಿಯಲ್ಲಿ ನಿಂತು ಮನೆ ನೋಡುತ್ತಾರೆ. ಆ ತಿಂಗಳುಗಳಲ್ಲಿ ಕರಾವಳಿಯ ಪ್ರತಿಯೊಂದು ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಚಳಿಗಾಲದಲ್ಲಿ ನೋಡಿದ ಯಾವ ಮನೆಗೂ ನಾನು ಮಾತು ಕೊಡಲಿಲ್ಲ.

ಮೊದಲು ಕೈತಪ್ಪಿದ್ದು, ಅಂದರೆ ನಾನೇ ಕೈಬಿಟ್ಟದ್ದು, ಅಂಕೋಲಾ ತಾಲ್ಲೂಕಿನ ದಂಡೆಯ ಮೇಲಿನ ಒಂದು ಆರ್‌ಸಿಸಿ ಮನೆ. ಬಳ್ಳಾರಿ ಸೀಮೆಯವರಿಗೆಲ್ಲ ಕಬ್ಬಿಣದ ಅದಿರಿನ ಅಕ್ರಮ ಸಾಗಣೆಯ ಗದ್ದಲದಿಂದ ಹೆಸರು ಗೊತ್ತಿರುವ ಬೇಲೇಕೇರಿಯಿಂದ ಅದು ಬಹಳ ದೂರವೇನಿರಲಿಲ್ಲ. ಹನ್ನೊಂದು ಲಕ್ಷಕ್ಕೆ ಕೊಡುತ್ತೇನೆಂದರು. ಹೊಸ್ತಿಲಲ್ಲಿ ನಿಂತರೆ ಅಲೆ ಕಾಣುತ್ತಿತ್ತು. ಹೊಸದಾಗಿ ಬಣ್ಣ ಬಳಿದಿದ್ದ ಸ್ಲ್ಯಾಬಿನ ಕೆಳಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಅರ್ಧಕ್ಕಿಂತ ಹೆಚ್ಚು ಕಡೆ ಪೊಳ್ಳು ಸದ್ದು ಬಂತು. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಮೇಲೆ ಗಿಲಾವು ಮಾಡಿ ಬಣ್ಣ ಹಚ್ಚಿದರೆ ಒಂದು ವರ್ಷ ಮುಚ್ಚಿಡಬಹುದು, ಅಷ್ಟೇ. ಸ್ಲ್ಯಾಬ್ ತೆಗೆದು ಹೊಸದು ಹಾಕಲು ನನ್ನ ಅಂದಾಜಿನಲ್ಲಿ ಆರೇಳು ಲಕ್ಷ ಬೇಕಿತ್ತು. ಅದನ್ನು ಕೂಡಿಸಿದರೂ ಹದಿನೆಂಟು ಲಕ್ಷವಾಗುತ್ತಿತ್ತು, ಅಷ್ಟಕ್ಕೆ ನಾನು ಸಿದ್ಧನಿದ್ದೆ.

ಆದರೆ ನಿಜವಾದ ಕಾರಣ ಸ್ಲ್ಯಾಬ್ ಆಗಿರಲಿಲ್ಲ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿರಲಿಲ್ಲ. 2019ರ ಅಧಿಸೂಚನೆ ದಟ್ಟ ಜನವಸತಿಯ ಗ್ರಾಮೀಣ ತೀರಗಳಿಗೆ ಇದನ್ನು 50 ಮೀಟರ್‌ಗೆ ಇಳಿಸಿತಾದರೂ, ಉಳಿದ ಹಳ್ಳಿಗಳಿಗೆ 200 ಮೀಟರ್ ಹಾಗೆಯೇ ಉಳಿಯಿತು. ಆ ದೂರದೊಳಗೆ ಈಗಾಗಲೇ ಇರುವ ಅಧಿಕೃತ ಮನೆಯನ್ನು ಅದೇ ಅಡಿಪಾಯದ ಅಳತೆಯಲ್ಲಿ ದುರಸ್ತಿ ಮಾಡಿಕೊಳ್ಳಬಹುದು. ಅಧಿಕೃತ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ. ಮನೆ ಅದಕ್ಕೂ ಹಿಂದಿನದೆಂದು ತೋರಿಸುವ ಪಂಚಾಯಿತಿ ತೆರಿಗೆ ರಸೀದಿಯನ್ನು ನಾನು ಕೇಳಿದೆ. ಅವರ ಬಳಿ ಇರಲಿಲ್ಲ, ಆಮೇಲೆ ಪಡೆದ ಅನುಮತಿಯೂ ಇರಲಿಲ್ಲ. ಬಿದ್ದರೆ ಮತ್ತೆ ಕಟ್ಟಲಾಗದ ಮನೆಗೆ ಹನ್ನೊಂದು ಲಕ್ಷವೂ ದುಬಾರಿ. ಅದೇ ತಾಲ್ಲೂಕಿನ ಕೇಣಿಯ ಸುತ್ತಮುತ್ತಲನ್ನೂ ಬಂದರಿನ ಯೋಜನೆಯ ಕಾರಣದಿಂದ ನನ್ನ ಹುಡುಕಾಟದ ಪಟ್ಟಿಯಿಂದ ತೆಗೆದು, ಅಘನಾಶಿನಿಯ ಕಡೆ ಹೊರಳಿದೆ.

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಬದಿಯಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಅಲ್ಲಿಯೇ ಬೆಳೆಯುವುದು. ಅಂಥ ಗದ್ದೆಯಂಚಿನ ಒಂದು ಮನೆಗೆ ಹದಿನಾರು ಲಕ್ಷ ಹೇಳಿದರು. ತೆಂಗು, ಹಲಸು, ಕಲ್ಲು ಕಟ್ಟಿದ ಬಾವಿ ಎಲ್ಲವೂ ಇದ್ದವು, ನನ್ನ ಹೆಂಡತಿಗೂ ಬಹಳ ಹಿಡಿಸಿತ್ತು. ಜನವರಿಯಲ್ಲಿ ಆ ಬಾವಿಯ ನೀರಿಗೆ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಇಳಿಬಿಟ್ಟಾಗ ಮುನ್ನೂರರ ಆಸುಪಾಸು ಬಂತು. ರಾಯಚೂರು ಕೊಪ್ಪಳದ ಕೊಳವೆಬಾವಿಗಳ ನೀರನ್ನೂ ಅದರ ಫ್ಲೋರೈಡನ್ನೂ ಕಂಡ ನಮಗೆ ಅದು ಅಮೃತವೇ ಸರಿ. ಪಕ್ಕದ ಮನೆಯ ವೃದ್ಧೆಯೊಬ್ಬರು ಮಾತ್ರ, "ನೀವು ಬೇಸಗೆಯಲ್ಲೊಮ್ಮೆ ಬನ್ನಿ ಮಾರಾಯ್ರೇ, ಆಗ ಕುಡಿದು ನೋಡಿ" ಎಂದರು. ಮೇ ಮೂರನೆಯ ವಾರದಲ್ಲಿ ಅದೇ ಬಾವಿ ಎರಡು ಸಾವಿರ ದಾಟಿತ್ತು. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಹೇಳಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000. ಮೀಟರನ್ನು ನಂಬದವರಿಗಾಗಿ ಊರಿನಿಂದ ಒಯ್ದಿದ್ದ ತೊಗರಿಬೇಳೆಯನ್ನು ಆ ನೀರಿನಲ್ಲಿ ಬೇಯಿಸಿ ತೋರಿಸಿದೆವು. ಬೇಳೆ ಕರಗಲೇ ಇಲ್ಲ. ಮಳೆಗೆ ಮೊದಲಿನ ಎರಡು ತಿಂಗಳು ಟ್ಯಾಂಕರ್ ತರಿಸುವ ಖರ್ಚು ದೊಡ್ಡದಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಉಪ್ಪು ಒಳಕ್ಕೆ ಸರಿಯುವ ಬಾವಿಗೆ ಹತ್ತು ವರ್ಷದ ಲೆಕ್ಕ ಬರೆಯಲು ನನ್ನಿಂದಾಗಲಿಲ್ಲ.

ಹಣ ಸಿಕ್ಕಿಹಾಕಿಕೊಂಡದ್ದು ಹೊನ್ನಾವರದ ಕಡೆಯ ವ್ಯವಹಾರದಲ್ಲಿ. ಅಲ್ಲಿ ಅಗ್ಗಕ್ಕೆ ಹೇಳಿದ ಕಾರಣ, ಅಣ್ಣತಮ್ಮಂದಿರು ಊರು ಬಿಟ್ಟು ಹೋಗಿದ್ದಾರೆ, ಬೇಗ ಪಾಲು ಮಾಡಿಕೊಳ್ಳಬೇಕು ಎಂಬುದು. ವಂಶವೃಕ್ಷದಲ್ಲಿ ಎಲ್ಲರ ಹೆಸರೂ ಇತ್ತು, ಎಲ್ಲರ ಒಪ್ಪಿಗೆ ಇದೆ ಎಂಬ ಬರಹದ ಮೇಲೆಯೇ ಮುಂಗಡ ಕೊಟ್ಟೆವು. ನೋಂದಣಿಯ ಹೊತ್ತಿಗೆ ಮದುವೆಯಾಗಿ ದೂರದಲ್ಲಿದ್ದ ತಂಗಿಯೊಬ್ಬರು ಸಹಿ ಹಾಕುವುದಿಲ್ಲವೆಂದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆಕೆ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮುಂಗಡದ ಒಂದು ಲಕ್ಷ ಮರಳಿ ಬರಲು ಏಳೆಂಟು ತಿಂಗಳು ಹಿಡಿಯಿತು, ವಕೀಲರ ಶುಲ್ಕ ಮತ್ತು ಓಡಾಟ ಸೇರಿ ಮೂವತ್ತು ಸಾವಿರದಷ್ಟು ಹೋಯಿತು. ಅರಣ್ಯ ಅತಿಕ್ರಮಣದ ಜಾಗದಲ್ಲಿದ್ದ ಮನೆಗಳನ್ನಂತೂ ತೋರಿಸಿದವರು ಹಲವರು. ಆ ಜಿಲ್ಲೆಯಲ್ಲಿ ತಲೆಮಾರುಗಳಿಂದ ಅಂಥ ಜಾಗದಲ್ಲಿಯೇ ಬಾಳುತ್ತಿರುವ ಕುಟುಂಬಗಳು ಬಹಳ ಇವೆ, ಅವರ ಹೋರಾಟ ಬೇರೆ ಮಾತು. ಹೊರಗಿನಿಂದ ಹೋಗಿ ಹಣ ಕೊಟ್ಟು ಅದನ್ನು ಕೊಳ್ಳುವವನಿಗೆ ಯಾವ ಹಕ್ಕೂ ದಾಟಿಬರುವುದಿಲ್ಲ.

ಇಷ್ಟಾದ ಮೇಲೆ ನಾವು ಒಂದು ಮಳೆಗಾಲಕ್ಕೆಂದು ಬಾಡಿಗೆ ಮನೆ ಹಿಡಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿಗರಿಲ್ಲದ ಕಾರಣ ತಿಂಗಳಿಗೆ ಐದು ಸಾವಿರಕ್ಕೆ ಒಳ್ಳೆಯ ಮನೆಯೇ ಸಿಕ್ಕಿತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ಊರಿನಿಂದ 3000 ಮಿಲಿಮೀಟರ್ ಮೀರುವ ಊರಿಗೆ ಹೋಗುವವರು ಈ ಇಪ್ಪತ್ತು ಸಾವಿರವನ್ನು ಮೊದಲು ಖರ್ಚು ಮಾಡಲೇಬೇಕು. ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟದಿದ್ದರೆ ಪಡುವಣ ಗಾಳಿಗೆ ಮಳೆ ಹೇಗೆ ಒಳಕ್ಕೆ ಸೋರುತ್ತದೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೆ ಎಷ್ಟು ದಿನಕ್ಕೆ ಬೂಷ್ಟು ಬರುತ್ತದೆ, ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೆಲ್ಲ ಆ ನಾಲ್ಕು ತಿಂಗಳಲ್ಲಿಯೇ ತಿಳಿದದ್ದು.

ಆ ಬಾಡಿಗೆ ಮನೆಯಲ್ಲಿದ್ದಾಗಲೇ ಕಬ್ಬಿಣದ ಪ್ರಯೋಗ ಮಾಡಿದೆ. ಸಾದಾ ಮೊಳೆ, ಸತುವು ಲೇಪಿಸಿದ ಜಿಐ ತಂತಿ, ಬಣ್ಣ ಬಳಿದ ತಗಡು, 304 ಮತ್ತು 316 ದರ್ಜೆಯ ಸ್ಟೇನ್‌ಲೆಸ್ ಪಟ್ಟಿ, ಇವುಗಳ ಮೂರು ಕಟ್ಟು ಮಾಡಿ ಒಂದನ್ನು ದಂಡೆಯ ಮೀನುಗಾರರ ಗುಡಿಸಲಿಗೆ, ಒಂದನ್ನು ಅರ್ಧ ಕಿಲೋಮೀಟರ್ ಒಳಗಿದ್ದ ನಮ್ಮ ಬಾಡಿಗೆ ಮನೆಗೆ, ಇನ್ನೊಂದನ್ನು ಒಂದೂವರೆ ಕಿಲೋಮೀಟರ್ ಒಳಗಿನ ಒಂದು ಅಂಗಡಿಯ ಮಾಡಿಗೆ ತೂಗುಹಾಕಿದೆ. ದಂಡೆಯ ಮೊಳೆ ವಾರದಲ್ಲಿಯೇ ಕೆಂಪಾಯಿತು, ಜಿಐ ತಂತಿ ಮೊದಲು ಬೆಳ್ಳಗೆ ಹಿಟ್ಟು ಹಿಟ್ಟಾಗಿ ಸೆಪ್ಟೆಂಬರ್ ಹೊತ್ತಿಗೆ ತುಕ್ಕು ಹಿಡಿಯಿತು, 304ರ ಮೇಲೂ ಕಂದು ಕಲೆಗಳು ಬಂದವು. ಮಾಲಿಬ್ಡಿನಮ್ ಬೆರೆತ 316 ಮಾತ್ರ ಹಾಗೆಯೇ ಉಳಿಯಿತು. ಒಂದೂವರೆ ಕಿಲೋಮೀಟರ್ ದೂರದ ಕಟ್ಟಿನಲ್ಲಿ ಜಿಐ ತಂತಿಯ ಹೊಳಪು ಮಾತ್ರ ಹೋಗಿತ್ತು. ಸಮುದ್ರ ಕಾಣುವ ಮನೆಯ ಆಸೆಯನ್ನು ನಾನು ಬಿಟ್ಟದ್ದು ಆ ಮೂರು ಕಟ್ಟುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ ದಿನ. ದಂಡೆಯಲ್ಲಿ ಫ್ರಿಜ್ಜು, ಫ್ಯಾನು, ಕಿಟಕಿ ಸರಳು, ಬೀಗ ಇವೆಲ್ಲಕ್ಕೂ ವರ್ಷಕ್ಕೆ ಇಪ್ಪತ್ತು ಸಾವಿರ ಹಿಡಿದರೆ ಹತ್ತು ವರ್ಷಕ್ಕೆ ಎರಡು ಲಕ್ಷ. ಹದಿನೈದು ನಿಮಿಷ ನಡೆದು ಹೋಗಿ ಸಮುದ್ರ ನೋಡಲು ಏನೂ ಖರ್ಚಿಲ್ಲ.

ಜೋಳದ ಪ್ರಯೋಗ ನನ್ನ ಹೆಂಡತಿಯದು. ಗೋಣಿಚೀಲದಲ್ಲಿಟ್ಟ ಬಿಳಿಜೋಳಕ್ಕೆ ಜುಲೈನಲ್ಲಿಯೇ ನುಸಿ ಬಿತ್ತು, ಬೇವಿನ ಎಲೆ ಹಾಕಿ ಡಬ್ಬದಲ್ಲಿಟ್ಟದ್ದು ಆಗಸ್ಟ್‌ವರೆಗೆ ಬಂತು, ಮೇ ಬಿಸಿಲಿಗೆ ಒಣಗಿಸಿ ಬಿಗಿಮುಚ್ಚಳದ ಡ್ರಮ್ಮಿನಲ್ಲಿಟ್ಟದ್ದು ದೀಪಾವಳಿಯವರೆಗೂ ಕೆಡಲಿಲ್ಲ. ಆ ಡ್ರಮ್ಮಿನ ತಳದಲ್ಲಿ ಅವಳು ಇನ್ನೂ ಒಂದು ವಸ್ತುವನ್ನು ಇಟ್ಟಿದ್ದಳು. ಅದನ್ನು ಹೇಳಲು ನನಗೆ ಅನುಮತಿಯಿಲ್ಲ. ಹಿಟ್ಟು ಮಾತ್ರ ವಾರಕ್ಕೇ ಜಿಗುಟು ಕಳೆದುಕೊಂಡು ರೊಟ್ಟಿ ತಟ್ಟಲು ಬಾರದಾಗುವುದರಿಂದ, ಹದಿನೈದು ಸಾವಿರ ಕೊಟ್ಟು ಮನೆಯಲ್ಲಿಯೇ ಬೀಸುವ ಗಿರಣಿ ತಂದೆವು. ಕಡಲೂರಿಗೆ ಹೋದರೆ ರೊಟ್ಟಿ ಬಿಡಬೇಕಾಗುತ್ತದೆ ಎಂದವರಿಗೆ ಇದು ಉತ್ತರ.

ಕೊನೆಗೆ ಸಿಕ್ಕ ಮನೆ ಅಗ್ಗವಾಗಿದ್ದುದಕ್ಕೆ ಕಾರಣ ಎರಡು: ಮಾಲೀಕರು ಮುಂಬೈ ಸೇರಿ ಹತ್ತಾರು ವರ್ಷ ಬೀಗ ಹಾಕಿದ್ದರು, ಮತ್ತು ರಸ್ತೆಯಿಂದ ಮನೆಗೆ ನೂರೈವತ್ತು ಮೀಟರ್ ಕಾಲುದಾರಿ ಮಾತ್ರವಿದ್ದು ಕಾರು ಹೋಗುತ್ತಿರಲಿಲ್ಲ. ಎರಡೂ ಹಣದಿಂದ ಸರಿಹೋಗುವ ಕಾರಣಗಳು. ಅದೇ ಊರಿನಲ್ಲಿ ಕಾರು ಬಾಗಿಲಿಗೆ ಬರುವ ಮನೆಗೆ ನಲವತ್ತು ಲಕ್ಷ ಹೇಳುತ್ತಿದ್ದರು. ಕಾಲುದಾರಿಯನ್ನು ಇಪ್ಪತ್ತು ವರ್ಷಕ್ಕೂ ಮೀರಿ ತಡೆಯಿಲ್ಲದೆ ಬಳಸಿದವರಿಗೆ 1882ರ ಈಸ್‌ಮೆಂಟ್ (ಅನುಭೋಗ ಹಕ್ಕು) ಕಾಯ್ದೆಯಡಿ ದಾರಿಹಕ್ಕು ದೊರೆಯುತ್ತದೆ. ಆದರೂ ನಾನು ಅದರ ಮೇಲೆ ಭಾರ ಹಾಕದೆ, ಜಾಗದ ಒಡೆಯರಿಂದ ಆ ಹಕ್ಕನ್ನು ಬರೆಸಿ ನೋಂದಾಯಿಸಿಕೊಂಡೆ. ಮಧ್ಯವರ್ತಿಯಿಲ್ಲದೆ ಮುಂಬೈಯ ಮಾಲೀಕರನ್ನು ತಲುಪಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಷಡ್ಡಕರಿಗೆ ಅದು ಇನ್ನೂ ಬೇಕಾಗಿದೆ.

ಲೆಕ್ಕ ನೆನಪಿನಿಂದ ಹೇಳುವುದಾದರೆ: ಮುದ್ರಾಂಕ ಮತ್ತು ನೋಂದಣಿಗೆ ಒಂದು ಲಕ್ಷ ಅರವತ್ತು ಸಾವಿರ, ಒರಲೆ (ಗೆದ್ದಲು) ತಿಂದ, ಹೆಂಚಿನ ಕೆಳಗಿನ ಮರದ ಪಕಾಸು ರೀಪುಗಳನ್ನು ಬದಲಿಸಿ ಹೆಂಚು ಮತ್ತೆ ಹೊದಿಸಲು ಎರಡೂಮುಕ್ಕಾಲು ಲಕ್ಷ, ಅದರಲ್ಲಿ ಹೆಂಚನ್ನು ತಲೆಹೊರೆಯಲ್ಲಿ ಸಾಗಿಸಿದ ಕೂಲಿಯೇ ಇಪ್ಪತ್ತೈದು ಸಾವಿರ. ಶೌಚಾಲಯಕ್ಕೆ ಒಂದೂಕಾಲು ಲಕ್ಷ, ವೈರಿಂಗಿಗೆ ತೊಂಬತ್ತು ಸಾವಿರ, ಬಾವಿ ಶುದ್ಧಿಗೆ ನಲವತ್ತು, ಕಾಲುದಾರಿಗೆ ಚಿರೆಕಲ್ಲು ಹಾಸಲು ಅರವತ್ತು. ಮನೆಯ ಬೆಲೆಯೂ ಸೇರಿ ಎಲ್ಲ ಮೂವತ್ತೊಂದೂವರೆ ಲಕ್ಷ. ಬಾವಿಯ ಟಿಡಿಎಸ್ ಮೇ ಕೊನೆಯಲ್ಲಿಯೂ ನೂರೈವತ್ತು ದಾಟುವುದಿಲ್ಲ. ಕೊಪ್ಪಳದಲ್ಲಿ ಏಪ್ರಿಲ್ ಮೇ ತಿಂಗಳ ಎಸಿ ಸೇರಿ ಜೆಸ್ಕಾಂಗೆ ಕಟ್ಟುತ್ತಿದ್ದ ವಿದ್ಯುತ್ ಬಿಲ್ಲಿನ ಮೂರನೆಯ ಒಂದು ಪಾಲನ್ನು ಈಗ ಹೆಸ್ಕಾಂಗೆ ಕಟ್ಟುತ್ತಿದ್ದೇವೆ, ಫ್ಯಾನು ಸಾಕಾಗುತ್ತದೆ.

ದಾರಿ ಮತ್ತು ಆಸ್ಪತ್ರೆ, ಇವೆರಡಕ್ಕೆ ಮಾತ್ರ ಪೂರ್ತಿ ಉತ್ತರ ಸಿಕ್ಕಿಲ್ಲ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆಯ ಮೂಲಕ ಕೊಪ್ಪಳದಿಂದ ಇಲ್ಲಿಗೆ 280 ಕಿಲೋಮೀಟರ್ ಆಗುತ್ತದೆ. ಹುಬ್ಬಳ್ಳಿ ಅಂಕೋಲಾ ರೈಲುಮಾರ್ಗ ಇನ್ನೂ ಆಗದ ಕಾರಣ ರೈಲಿನಲ್ಲಿ ಬರುವವರು ಅಮರಾವತಿ ಎಕ್ಸ್‌ಪ್ರೆಸ್ ಹಿಡಿದು ಮಡಗಾಂವಿಗೆ ಹೋಗಿ ಕೊಂಕಣ ರೈಲಿನಲ್ಲಿ ತೆಂಕಣಕ್ಕೆ ಇಳಿಯಬೇಕು. ನಾವು ಮನೆ ಕೊಂಡ ವರ್ಷವೇ, 2024ರ ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ 66 ಮುಚ್ಚಿತು. ಅದು ನಾವು ಓಡಾಡುವ ದಾರಿಯೇ. ಜುಲೈ ಆಗಸ್ಟಿನಲ್ಲಿ ಘಟ್ಟ ಹತ್ತುವುದಿಲ್ಲವೆಂದು ಮೊದಲೇ ನಿಶ್ಚಯಿಸಿ ಎರಡು ತಿಂಗಳ ಔಷಧಿ ಮನೆಯಲ್ಲಿಟ್ಟಿದ್ದರಿಂದ ನಮಗೆ ತೊಂದರೆಯಾಗಲಿಲ್ಲ. ದೊಡ್ಡ ಕಾಯಿಲೆಗೆ ಮಣಿಪಾಲಕ್ಕೆ ಹೋಗಬೇಕು, ಸುಮಾರು 140 ಕಿಲೋಮೀಟರ್. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಇಲ್ಲಿಯವರು ವರ್ಷಗಳಿಂದ ಕೇಳುತ್ತಿದ್ದಾರೆ. ಹೃದಯದ ತೊಂದರೆ ಇರುವವರಿಗೆ ನಾನು ಈ ಕಡೆಯ ಯಾವ ಮನೆಯನ್ನೂ ಸೂಚಿಸುವುದಿಲ್ಲ, ಅದು ಎಷ್ಟೇ ಅಗ್ಗವಾಗಿರಲಿ.

ಕೊಪ್ಪಳದ ಮನೆಯನ್ನು ಮಾರಿ ಇಲ್ಲಿಯೇ ಇನ್ನಷ್ಟು ಜಾಗ ಕೊಳ್ಳಿರೆಂದು ಈಗ ಹೇಳುವವರಿದ್ದಾರೆ. ಅದರಿಂದ ತಿಂಗಳಿಗೆ ಒಂಬತ್ತು ಸಾವಿರ ಬಾಡಿಗೆ ಬರುತ್ತಿದೆ, ಮೇಲಿನ ಒಂದು ಕೋಣೆ ನಮ್ಮ ಕೈಯಲ್ಲಿಯೇ ಇದೆ. ಐದು ಮಳೆಗಾಲ ಮುಗಿಯುವವರೆಗೆ ಅದನ್ನು ಮಾರುವುದಿಲ್ಲ.