ಶಾಮಿಯಾನ ಇಲ್ಲದ ಬೀಳ್ಕೊಡುಗೆ: ನಾಲ್ಕನೇ ವರ್ಷಕ್ಕೆ ಕೈಹಿಡಿದ ನನ್ನ ನೋಟ್‌ಬುಕ್

ಏಳನೇ ಕ್ಲಾಸಿನ ಬೀಳ್ಕೊಡುಗೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಶಾಮಿಯಾನ, ಮೈಕು, ನಾಲ್ಕು ಶಾಲು, ಎರಡು ಗಂಟೆ ಭಾಷಣ. ಕೊನೆಗೆ ಮಕ್ಕಳಿಂದ ಶಾಲೆಗೊಂದು ಗೋಡೆ ಗಡಿಯಾರ. ನಮ್ಮ ಆಫೀಸಿನಲ್ಲಿ ಐದು ಗಡಿಯಾರಗಳಿವೆ. ಐದೂ ಬೇರೆ ಬೇರೆ ಟೈಮು ತೋರಿಸುತ್ತವೆ.

ನಮ್ಮದು ಅರಕಲಗೂಡು ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೊಗೆಸೊಪ್ಪು ಬೆಳೆಯುವ ಊರು. ಶಾಮಿಯಾನ ಬಿಟ್ಟು ಮಕ್ಕಳ ಬಗ್ಗೆ ಚೀಟಿ ಓದುವ ಈ ಕೆಲಸ ಶುರುವಾಗುವ ಹಿಂದಿನ ವರ್ಷ ತಲೆಗೆ 250 ರೂಪಾಯಿ ಎತ್ತಿದ್ದೆವು. ಶಾಮಿಯಾನ, ಕುರ್ಚಿಗೆ 2,500 ಹೋಯಿತು. ಸೌಂಡಿನವರಿಗೆ 1,500, ಹಾರ ಶಾಲಿಗೆ ಸಾವಿರದ ಚಿಲ್ಲರೆ. ಮಕ್ಕಳ ತಟ್ಟೆಗೆ ಬಿದ್ದಿದ್ದು ಒಂದು ಲಾಡು, ಒಂದು ಹಿಡಿ ಖಾರಾಬೂಂದಿ.

ಆವತ್ತು ಮೂರು ಮಕ್ಕಳು ಬಂದಿರಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡೆ. ಆಮೇಲೆ ಟಿಸಿ ತಗೊಳ್ಳೋಕೆ ಬಂದ ಒಬ್ಬಳ ತಾಯಿ ಹೇಳಿದರು: "ದುಡ್ಡೇ ಕೊಟ್ಟಿರ್ಲಿಲ್ವಲ್ಲ ಮಿಸ್, ಹೆಂಗ್ ಕಳಿಸೋದು?" ಏಪ್ರಿಲ್‌ನಲ್ಲಿ ನಮ್ಮ ಕಡೆ ಕೈಯಲ್ಲಿ ಕಾಸು ಕಮ್ಮಿ. ಸೊಪ್ಪು ಮಾರಿದ ದುಡ್ಡು ಸಾಲಕ್ಕೆ ಹೋಗಿರುತ್ತದೆ, ಸಸಿ ಮಡಿಯ ಖರ್ಚು ಶುರುವಾಗಿರುತ್ತದೆ. ಅಷ್ಟು ವರ್ಷ ಅಲ್ಲೇ ಇದ್ದ ನನಗೆ ಇದು ಹೊಳೆಯಬೇಕಿತ್ತು.

ಮುಂದಿನ ವರ್ಷ ಒಂದು ರೂಪಾಯಿನೂ ಎತ್ತೋದು ಬೇಡ ಅಂದೆ. ಪ್ರತಿ ಮಗು ಆ ವರ್ಷ ದಾಟಿದ ಒಂದು ಮೆಟ್ಟಿಲನ್ನು ನಾನೇ ಚೀಟಿಯಲ್ಲಿ ಬರೆದು, ಅಪ್ಪ ಅಮ್ಮನ ಎದುರಿಗೆ ಓದುವುದು. ಅಷ್ಟೇ ಕಾರ್ಯಕ್ರಮ. ಸ್ಟಾಫ್ ರೂಮಿನಲ್ಲಿ ನಕ್ಕರು. "ಒಂದು ಚೀಟಿ ಕೇಳೋಕೆ ಕೆಲಸ ಬಿಟ್ಟು ಯಾರ್ ಬರ್ತಾರೆ ಮೇಡಂ?" ಅಂದರು ಹೆಚ್‌ಎಂ. ಶಾಲೆಯ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಮೈಕಿಲ್ಲ ಅನ್ನೋದೇ ದೊಡ್ಡ ಬೇಜಾರು.

ಆ ವರ್ಷ ನಕ್ಕವರೇ ಗೆದ್ದರು. ವರ್ಷದ ಕೊನೆಯ ಪರೀಕ್ಷೆಯ (ಎಸ್‌ಎ-2) ಪೇಪರ್ ತಿದ್ದುತ್ತಾ ತಿದ್ದುತ್ತಾ ಚೀಟಿ ಬರೆಯಲು ಕೂತೆ. ಐದಾರು ಮಕ್ಕಳ ಬಗ್ಗೆ ಪುಟ ತುಂಬುವಷ್ಟು ನೆನಪಿತ್ತು. ಉಳಿದವರಿಗೆಲ್ಲ "ಒಳ್ಳೆಯ ಹುಡುಗಿ", "ಶಾಂತ ಸ್ವಭಾವ". ಓದುವಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು "ನಂದೂ ಶಾಂತ ಸ್ವಭಾವನಾ ಮಿಸ್?" ಅಂದ. ಇಡೀ ರೂಮು ನಕ್ಕಿತು. ಅವನಷ್ಟು ಗಲಾಟೆ ಮಾಡುವವನು ಶಾಲೆಯಲ್ಲೇ ಇರಲಿಲ್ಲ.

ಎರಡನೇ ವರ್ಷ ಕೆಲಸವನ್ನು ಮಕ್ಕಳಿಗೇ ವಹಿಸಿದೆ. ಬಿಸ್ಕತ್ತಿನ ಡಬ್ಬಕ್ಕೆ ತೂತು ಮಾಡಿ, ಗೆಳೆಯರ ಬಗ್ಗೆ ಬರೆದು ಹಾಕಿ ಅಂದೆ. ಡಿಸೆಂಬರ್‌ನಲ್ಲಿ ತೆಗೆದು ನೋಡಿದರೆ ಒಬ್ಬಳ ಹೆಸರಲ್ಲೇ ಮೂವತ್ತು ನಲವತ್ತು ಚೀಟಿ, ಇಬ್ಬರಿಗೆ ಒಂದೂ ಇಲ್ಲ. ಒಂದರಲ್ಲಿ "ಇವನು ನನ್ನ ರಬ್ಬರ್ ಕದ್ದಿದ್ದಾನೆ" ಅಂತ ದೂರು ಬೇರೆ. ಡಬ್ಬ ಅಡುಗೆ ಕೋಣೆಗೆ ಹೋಯಿತು, ಈಗ ಅದರಲ್ಲಿ ಸಾಸಿವೆ ಇದೆ.

ಮೂರನೇ ವರ್ಷ ನಾನೇ ನೋಟ್‌ಬುಕ್ ಇಟ್ಟೆ. ಮಗುವಿಗೊಂದು ಪುಟ. ದಸರಾ ರಜೆಯವರೆಗೆ ಚೆನ್ನಾಗಿ ನಡೆಯಿತು. ಆಮೇಲೆ ತರಬೇತಿ, ಸರ್ವೆ ಡ್ಯೂಟಿ, ಪ್ರತಿಭಾ ಕಾರಂಜಿ ಓಡಾಟ. ನೋಟ್‌ಬುಕ್ ಬೀರುವಿನಲ್ಲೇ ಉಳಿಯಿತು. ಅದೇ ವರ್ಷ ಇನ್ನೊಂದು ಹುಚ್ಚು: ಜೂನ್‌ನಲ್ಲಿ ಎಲ್ಲರ ಎತ್ತರವನ್ನು ಗೋಡೆ ಮೇಲೆ ಗುರುತು ಹಾಕಿ, ಏಪ್ರಿಲ್‌ನಲ್ಲಿ ಮತ್ತೆ ಅಳೆಯೋಣ ಅಂತ. ಜನವರಿ 26ಕ್ಕೆ ಮುಂಚೆ ಯಾರೋ ಪುಣ್ಯಾತ್ಮರು ಗೋಡೆಗೆ ಸುಣ್ಣ ಬಳಿಸಿದರು.

ನಾಲ್ಕನೇ ವರ್ಷ ಬದಲಾಯಿಸಿದ್ದು ಒಂದೇ. ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೆ ಎರಡೇ ಹೆಸರು. ಆವತ್ತು ಆ ಇಬ್ಬರ ಮೇಲೆ ಮಾತ್ರ ಕಣ್ಣು. 26 ಮಕ್ಕಳು, ಹದಿಮೂರು ದಿನಕ್ಕೆ ಒಂದು ಸುತ್ತು. ಗೈರುಹಾಜರಿ, ಡ್ಯೂಟಿ ಎಲ್ಲ ಕಳೆದರೂ ಮಾರ್ಚ್ ಹೊತ್ತಿಗೆ ಒಬ್ಬೊಬ್ಬರಿಗೆ ಎಂಟು ಒಂಬತ್ತು ಸಾಲು ಸಿಕ್ಕಿದ್ದವು. ಗುಣವಾಚಕ ಬರೆಯಬಾರದು, ಕ್ರಿಯಾಪದ ಇರಲೇಬೇಕು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. "ಜೂನ್‌ನಲ್ಲಿ ಭಾಗಾಕಾರ ಅಂದರೆ ಅಳುತ್ತಿದ್ದಳು, ಡಿಸೆಂಬರ್‌ನಲ್ಲಿ ತಂಗಿಗೆ ಹೇಳಿಕೊಟ್ಟಳು." "ವರ್ಷವಿಡೀ ಬೆಲ್ ಹೊಡೆದ, ಒಂದೇ ದಿನ ತಡ ಮಾಡಿದ, ಅವತ್ತು ಅವರ ಹಸು ಕರು ಹಾಕಿತ್ತು." ಬಾಯೇ ಬಿಡದ ನಾಲ್ಕು ಮಕ್ಕಳ ಪುಟ ತುಂಬಿಸಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಪಕ್ಕದ ಕ್ಲಸ್ಟರಿನ ಶಾಲೆಗಳವರು ಈಗಾಗಲೇ ಕೇಳಿಕೊಂಡು ಓಡಾಡುತ್ತಿದ್ದಾರೆ!

ದಿನ ಬೇರೆ ಗೊತ್ತು ಮಾಡಲಿಲ್ಲ. ಹೇಗೂ 'ಸಮುದಾಯದತ್ತ ಶಾಲೆ' ದಿನ ಫಲಿತಾಂಶಕ್ಕೆ ಪೋಷಕರು ಬರಬೇಕಲ್ವಾ, ಅದಕ್ಕೇ ಸೇರಿಸಿದೆ. ಮೊದಲೆಲ್ಲ ಅತಿಥಿಗಳ ಅನುಕೂಲಕ್ಕೆ ಮಧ್ಯಾಹ್ನ ಮೂರಕ್ಕೆ ಇಡುತ್ತಿದ್ದೆವು. ಈ ಸಲ ಬೆಳಿಗ್ಗೆ ಹತ್ತೂವರೆ, ಮಡಿಗೆ ನೀರು ಹಾಕಿ ತಿಂಡಿ ತಿಂದು ಬರುವ ಹೊತ್ತು. 26 ಮನೆಯಲ್ಲಿ 23 ಮನೆಯವರು ಬಂದರು. ಒಬ್ಬ ಅಜ್ಜಿ "ಇನ್ನೊಂದ್ಸಲ ಓದವ್ವ, ಸರಿಯಾಗಿ ಕೇಳಲಿಲ್ಲ" ಅಂದರು. ಅವರಿಗೆ ಕಿವಿ ಚೆನ್ನಾಗೇ ಕೇಳುತ್ತದೆ. ಎರಡು ಸಲ ಓದಿದೆ.

ಆರನೇ ಕ್ಲಾಸಿಗೆ ದೀಪ ಹಸ್ತಾಂತರ ಮಾಡುವುದನ್ನೂ ಬಿಟ್ಟೆ. ಫ್ಯಾನ್ ಹಾಕಿದರೆ ದೀಪ ಆರುತ್ತದೆ, ಫ್ಯಾನ್ ನಿಲ್ಲಿಸಿದರೆ ಜನ ಬೇಯುತ್ತಾರೆ. ಅದರ ಬದಲು ಬೆಲ್ ಹೊಡೆಯುವ ಸುತ್ತಿಗೆ, ಲೈಬ್ರರಿ ಬೀಗದ ಕೈ, ಗಿಡಗಳಿಗೆ ನೀರು ಹಾಕುವ ಪೈಪು ಕೊಡಿಸಿದೆ. ಕರು ಹಾಕಿದ ಮನೆಯ ಹುಡುಗ ಕೊನೆಯ ಲಾಂಗ್ ಬೆಲ್ ಹೊಡೆದ. ಸುತ್ತಿಗೆ ಕೊಡಲು ಮನಸ್ಸೇ ಬರಲಿಲ್ಲ ಅವನಿಗೆ. ಇನ್ನೊಂದು ಸಲ ಹೊಡೆದು ಕೊಟ್ಟ.

ಖರ್ಚು ನೆನಪಿದ್ದಷ್ಟು: ಬಣ್ಣದ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು 300. ಮೊಬೈಲಿನಲ್ಲಿ ತೆಗೆದ ಫೋಟೋ ಪ್ರಿಂಟಿಗೆ 400. ಬಿಸಿಯೂಟದ ಅಕ್ಕಂದಿರು ಮಾಡಿದ ಕೇಸರಿಬಾತಿಗೆ ರವೆ, ಸಕ್ಕರೆ, ತುಪ್ಪ ಸೇರಿ 1,200. ಆ ದುಡ್ಡನ್ನು ನಾವು ಮೇಷ್ಟ್ರುಗಳೇ ಹಂಚಿಕೊಂಡು ಹಾಕಿದೆವು. ಎರಡು ಸಾವಿರ ದಾಟಲಿಲ್ಲ. ಊರಿನವರೂ ಸೇರಿ ನೂರೈವತ್ತು ಜನ ತಿಂದರು.

ಅಧ್ಯಕ್ಷರು ಮೈಕಿನ ಆಸೆ ಇನ್ನೂ ಬಿಟ್ಟಿಲ್ಲ. ಹೆಚ್‌ಎಂ ಮಾತ್ರ ಈ ಜೂನ್‌ನಲ್ಲಿ ಐದನೇ ಕ್ಲಾಸಿಗೂ ಒಂದು ನೋಟ್‌ಬುಕ್ ತಂದಿಟ್ಟರು. ನನ್ನ ಕ್ಲಾಸಲ್ಲಿ ಈ ವರ್ಷ 31 ಮಕ್ಕಳು. ದಿನಕ್ಕೆ ಎರಡು ಹೆಸರು ಸಾಲುತ್ತಿಲ್ಲ, ಮೂರು ಮಾಡಿದ್ದೇನೆ. ಹದಿನಾಲ್ಕನೇ ಪುಟ ಇನ್ನೂ ಖಾಲಿ ಇದೆ.