ಒಬ್ಬರಿಗೆ ಒಂದೇ ಐಟಂ, ಕೆಲಸಕ್ಕೆ ಇಬ್ಬಿಬ್ಬರು: ಕ್ಯಾತ್ಸಂದ್ರದಲ್ಲಿ ನನ್ನ ಅನುಭವ

"ಇವರ ಕೈಲಿ ಹೋಟೆಲ್ ಕೆಲಸ ಆಗಲ್ಲಕ್ಕ, ಸುಮ್ನೆ ದುಡ್ಡು ಕಳ್ಕೋಬೇಡಿ." ನಾಲ್ಕು ವರ್ಷದ ಹಿಂದೆ ನಮ್ಮ ರಸ್ತೆಯ ಹೋಟೆಲಿನವರು ಹೆಚ್ಚುಕಡಿಮೆ ಎಲ್ಲರೂ ಈ ಮಾತು ಹೇಳಿದ್ದರು. ಈಗ ಅವರಲ್ಲೇ ಮೂವರು ಫೋನ್ ಮಾಡಿ, "ನಿಮ್ಮಲ್ಲಿ ಕಲಿತವರು ಯಾರಾದರೂ ಇದ್ದಾರಾ?" ಅಂತ ಕೇಳುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನನ್ನದು ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ ಚಿಕ್ಕ ತಟ್ಟೆ ಇಡ್ಲಿ ಹೋಟೆಲ್. ನಾನು ಕೆಲಸ ಕಲಿಸುವುದು ಬೇರೆಲ್ಲೂ ಕೆಲಸ ಸಿಗದವರಿಗೆ. ಗಂಡ ಬಿಟ್ಟುಹೋದ ಹೆಂಗಸರು, ಕುಡಿತ ಬಿಟ್ಟವರು, ಜೈಲಿನಿಂದ ಹೊರಗೆ ಬಂದವರು, ವಯಸ್ಸು 45 ದಾಟಿದ್ದು ಓದು ಬರಹ ಇಲ್ಲದವರು. ಇಲ್ಲಿಯವರೆಗೆ ಐದು ಬ್ಯಾಚ್ ಆಗಿದೆ, ಒಟ್ಟು 31 ಜನ. ಅದರಲ್ಲಿ 22 ಜನ ಈಗಲೂ ಒಲೆ ಮುಂದೆ ಇದ್ದಾರೆ. ಈ ಲೆಕ್ಕ ಹೇಳುವಾಗ ನನಗೆ ನಿಜವಾಗಲೂ ಹೆಮ್ಮೆ ಆಗುತ್ತದೆ.

ಮೊದಲನೇ ಬ್ಯಾಚ್ ಪೂರ್ತಿ ಮುಳುಗಿತು. ಎಂಟು ಜನ, ಎರಡು ತಿಂಗಳು. ಬಾಡಿಗೆಗೆ ಒಂದು ಹಾಲ್ ಹಿಡಿದೆ. ಕೇಟರಿಂಗ್ ಕಲಿಸಿ ರಿಟೈರ್ ಆದ ಮೇಷ್ಟ್ರೊಬ್ಬರನ್ನು ಕರೆಸಿದೆ. ಸೆಕೆಂಡ್ ಹ್ಯಾಂಡ್ ಗ್ರೈಂಡರ್‌ಗೇ 38 ಸಾವಿರ ಕೊಟ್ಟೆ. ಅಕ್ಕಿ, ಉದ್ದು, ಗ್ಯಾಸ್ ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ ಹೋಯಿತು. ಒಂದು ಸಂಸ್ಥೆಯವರು ಅರ್ಧ ಕೊಡುತ್ತೇವೆ ಅಂದಿದ್ದರು, ಕೊನೆಗೆ ಕೊಡಲಿಲ್ಲ. ಮೇಷ್ಟ್ರು ಇಡ್ಲಿ, ಪಲಾವ್, ಗೋಬಿ, ಚಪಾತಿ ಎಲ್ಲ ಕಲಿಸಿದರು. ಗ್ರಾಂ ಲೆಕ್ಕ ಬೋರ್ಡಿನ ಮೇಲೆ ಬರೆದರು. ಕೊನೆಗೆ ಉಳಿದವರು ಇಬ್ಬರು.

ಬಿಟ್ಟುಹೋದವರೇನೂ ಸೋಮಾರಿಗಳಲ್ಲ. ಬಿಟ್ಟುಹೋದ ಒಬ್ಬ ಹೆಂಗಸಿನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೇಳಿದಳು: "ಅಕ್ಕಾ, ಕಲಿತ ಮೇಲೆ ದುಡ್ಡು ಬರುತ್ತೆ ಸರಿ. ಈ ಮಂಗಳವಾರದ ಕಂತು ಯಾರು ಕಟ್ತಾರೆ?" ಸಂಘದ ಸಾಲದ ಕಂತು ಅದು, ವಾರಕ್ಕೆ 900 ರೂಪಾಯಿ. ಎರಡು ತಿಂಗಳು ಸಂಬಳವಿಲ್ಲದೆ ಕಲಿಯುವುದು ಅಂದರೆ ಅವಳಿಗೆ ಎಂಟು ಕಂತು ತಪ್ಪಿದ ಹಾಗೆ. ನನ್ನ ತಲೆಗೆ ಅದು ಮೊದಲೇ ಹೊಳೆಯಬೇಕಿತ್ತು.

ಎರಡನೇ ಬ್ಯಾಚಿಗೆ ಹಾಲ್ ಬೇಡ ಅಂತ ಬಿಟ್ಟೆ. ನಮ್ಮ ಹೋಟೆಲಿನ ಒಲೆಯೇ ಕ್ಲಾಸು. ದಿನಕ್ಕೆ 300 ರೂಪಾಯಿ, ಶನಿವಾರ ಬಟವಾಡೆ. ಅದೂ ಕೈಕೊಟ್ಟಿತು. ಕುಡಿತ ಬಿಟ್ಟ ಇಬ್ಬರು ಶನಿವಾರ 1,800 ಕೈಗೆ ಬಂದ ಕೂಡಲೇ ಮತ್ತೆ ಹಳೆ ದಾರಿ ಹಿಡಿದರು. ಸೋಮವಾರ ಬರಲೇ ಇಲ್ಲ. ಆಗಿನಿಂದ ದುಡ್ಡು ಹೇಗೆ ಬೇಕು ಅಂತ ಮೊದಲನೇ ದಿನವೇ ಒಬ್ಬೊಬ್ಬರನ್ನೂ ಕೇಳುತ್ತೇನೆ. ಕೆಲವರಿಗೆ ದಿನಾ 11 ಗಂಟೆಗೆ, ಪಾತ್ರೆ ತೊಳೆದ ಮೇಲೆ. ಕೆಲವರಿಗೆ ಕಂತಿನ ಹಿಂದಿನ ದಿನ. ಶಿರಾ ಕಡೆಯ ಒಬ್ಬ ಅಣ್ಣ ಅವನಾಗಿಯೇ ಹೇಳಿದ: "ನನ್ನ ಕೈಗೆ ಕೊಡಬೇಡಿ, ಅವ್ವನ ಅಕೌಂಟಿಗೆ ಹಾಕಿ."

ಈ ಅಣ್ಣನ ವಿಷಯ ಸ್ವಲ್ಪ ಹೇಳಲೇಬೇಕು. ಚಿಕಿತ್ಸೆ ಮುಗಿಸಿ ಬಂದಿದ್ದ, ಕುಡಿತ ನಿಂತಿತ್ತು, ಆದರೆ ಕೈ ನಡುಗುತ್ತಿತ್ತು. ಹಿಟ್ಟು ಹಾಕುವಾಗ ಸೌಟು ಅಲ್ಲಾಡಿ ತಟ್ಟೆಯ ಅಂಚಿನ ಮೇಲೆಲ್ಲ ಬೀಳುತ್ತಿತ್ತು. ಬೆಂದ ಮೇಲೆ ಇಡ್ಲಿಯ ಒಂದು ಕಡೆ ದಪ್ಪ, ಒಂದು ಕಡೆ ತೆಳು. ನಾಲ್ಕು ದಿನ ನೋಡಿದೆ. ಐದನೇ ದಿನ ನಮ್ಮತ್ತೆಯ ಕಾಲದ ಹಿತ್ತಾಳೆ ಸೌಟು ತಂದುಕೊಟ್ಟೆ. ಸ್ಟೀಲ್ ಸೌಟಿನ ಮೂರರಷ್ಟು ಭಾರ ಅದು. ಆ ಭಾರಕ್ಕೆ ಕೈ ನಿಂತಿತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ತಟ್ಟೆಯ ನಡುವೆ ಸುರಿದು, ಮಣಿಕಟ್ಟಿನಿಂದ ಒಂದು ಸುತ್ತು ತಿರುಗಿಸಿದ. ಹಿಟ್ಟು ಅಂಚಿನವರೆಗೂ ಸಮವಾಗಿ ಹರಡಿತು. ಅವನು ಏನೂ ಮಾತಾಡಲಿಲ್ಲ. ಇನ್ನೊಂದು ತಟ್ಟೆ ಎಳೆದುಕೊಂಡ.

ಮೂರನೇ ಬ್ಯಾಚಿನಿಂದ ಒಬ್ಬರಿಗೆ ಒಂದೇ ಐಟಂ ಅಂತ ಮಾಡಿದೆ. 24 ದಿನ ಬರೀ ತಟ್ಟೆ ಇಡ್ಲಿ, ಇಲ್ಲವೇ ಬರೀ ಚಟ್ನಿ ಸಾಗು. ಎಲ್ಲವನ್ನೂ ಅರ್ಧಂಬರ್ಧ ಕಲಿತವರು ಎಲ್ಲಿ ಹೋದರೂ ಕ್ಲೀನರ್ ಆಗಿಯೇ ಉಳಿಯುತ್ತಾರೆ. ಒಂದನ್ನು ಸರಿಯಾಗಿ ಕಲಿತವರನ್ನು ಮಾಸ್ಟರ್ ಅನ್ನುತ್ತಾರೆ. ಗ್ರಾಂ ಲೆಕ್ಕ ಬಿಟ್ಟು ಪಾವು, ಸೇರಿಗೆ ವಾಪಸ್ ಬಂದೆ. ಅಕ್ಕಿಯ ಪಾವಿಗೆ ಕೆಂಪು ಟೇಪು, ಉದ್ದಿನದ್ದಕ್ಕೆ ಹಸಿರು. ಮೂರೂವರೆ ಪಾವು ಅಕ್ಕಿಗೆ ಒಂದು ಪಾವು ಉದ್ದು, ಜೊತೆಗೆ ಸಬ್ಬಕ್ಕಿ, ಅವಲಕ್ಕಿ. ಇದೆಲ್ಲ ನಿಮಗೆ ಗೊತ್ತಿರುವುದೇ. ಚಳಿಗಾಲದಲ್ಲಿ ಹಿಟ್ಟು ಬೆಳಗಿನ ಜಾವಕ್ಕೆ ಉಬ್ಬಲು ನಾನು ಏನು ಮಾಡುತ್ತೇನೆ ಅನ್ನುವುದು ಮಾತ್ರ ನಮ್ಮಲ್ಲಿ ಕಲಿತವರಿಗೆ ಮೀಸಲು. ಮೊದಲ ದಿನದ ಪಾಠ ಎಲ್ಲರಿಗೂ ಒಂದೇ: ಸ್ಟೀಮರ್ ಬಾಗಿಲನ್ನು ಪಕ್ಕಕ್ಕೆ ನಿಂತು ತೆಗೆಯಬೇಕು. ಎರಡನೇ ಬ್ಯಾಚಿನ ಒಬ್ಬಳಿಗೆ ಹಬೆ ಬಡಿದು ಮುಂಗೈ ಬೊಬ್ಬೆ ಎದ್ದಿತ್ತು.

ಈ ನಡುವೆ ಹಿಟ್ಟಿನ ಅಳತೆಯನ್ನು ನನ್ನ ದನಿಯಲ್ಲೇ ವಾಟ್ಸಾಪ್‌ನಲ್ಲಿ ಕಳಿಸಿ ನೋಡಿದೆ. ಒಳ್ಳೇ ಐಡಿಯಾ ಅಂದುಕೊಂಡಿದ್ದೆ. ಆದರೆ ಹೆಂಗಸರ ಫೋನ್ ಮಗನ ಹತ್ತಿರವೋ ತಮ್ಮನ ಹತ್ತಿರವೋ ಇರುತ್ತದೆ, ಕೆಲಸದ ಹೊತ್ತಿಗೆ ಕೈಗೆ ಸಿಗಲ್ಲ. ಬಿಟ್ಟೆ. ರಾಗಿ ತಟ್ಟೆ ಇಡ್ಲಿಯನ್ನೂ ಮಾಡಿದೆವು. ಮೂರನೇ ಒಂದು ಭಾಗ ರಾಗಿ ಹಾಕಿದಾಗ ಇಡ್ಲಿ ಕಲ್ಲಾಯಿತು. ಕಮ್ಮಿ ಮಾಡಿ, ಪಾವಗಡ ಕಡೆಯ ಶೇಂಗಾ ತರಿಸಿ ಚಟ್ನಿ ಮಾಡಿಕೊಟ್ಟ ಮೇಲೆ ಜನ ಕೇಳಿ ತಿಂದರು. ಈಗ ಮಂಗಳವಾರ ಮಾತ್ರ 40 ಪ್ಲೇಟ್ ಮಾಡುತ್ತೇವೆ.

ಹೆಂಗಸರಿಗೆ ಬೇರೆಯೇ ತೊಡಕು ಇತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ ಆಯಿತು, ದೊಡ್ಡ ಅನುಕೂಲ. ಆದರೆ ನಮ್ಮ ಒಲೆ ಹತ್ತುವುದು ಬೆಳಗಿನ ಜಾವ ನಾಲ್ಕಕ್ಕೆ. ಆ ಹೊತ್ತಿಗೆ ಹಳ್ಳಿಯಿಂದ ಬಸ್ಸೆಲ್ಲಿ? ಮಧ್ಯಾಹ್ನದ ರುಬ್ಬುವ ಪಾಳಿಗೆ ಹಾಕಿದೆ. ಆಗ ಅವರು ಗ್ರೈಂಡರ್ ಹತ್ತಿರವೇ ಉಳಿದರು, ಸಂಬಳವೂ ಕಮ್ಮಿ. ಅದು ನನಗೆ ಸರಿ ಕಾಣಲಿಲ್ಲ. ಈಗ ಇಬ್ಬಿಬ್ಬರಿಗೆ ಒಂದು ಆಟೋ ಮಾಡಿದ್ದೇನೆ, ದಿನಕ್ಕೆ 150. ಕೆಲಸಕ್ಕೆ ಸೇರಿದ ಮೇಲೆ ಅದನ್ನು ಹೋಟೆಲಿನವರೇ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳುತ್ತೇನೆ.

ನಿಜವಾಗಿ ಕೈ ಹಿಡಿದದ್ದು ಜೋಡಿ ಲೆಕ್ಕ. ಒಂದು ಹೋಟೆಲಿಗೆ ಒಬ್ಬರನ್ನು ಕಳಿಸುವುದಿಲ್ಲ, ಇಬ್ಬರನ್ನು ಕಳಿಸುತ್ತೇನೆ. ಮೊದಲ ತಿಂಗಳು ಮಾಲೀಕರು ಒಂದೂವರೆ ಸಂಬಳ ಕೊಟ್ಟರೆ ಸಾಕು, ಉಳಿದರ್ಧ ನಾನು ಹಾಕುತ್ತೇನೆ. ಕೇಸ್ ಇರುವವರಿಗೆ ತಿಂಗಳಿಗೊಮ್ಮೆ ಕೋರ್ಟಿನಲ್ಲಿ ವಾಯಿದೆ. ಹೆಂಗಸರಿಗೆ ಮಗುವಿನ ಜ್ವರ. ಒಬ್ಬರೇ ಇದ್ದರೆ ಒಂದು ದಿನ ತಪ್ಪಿದ್ದಕ್ಕೇ ಕೆಲಸ ಹೋಗುತ್ತದೆ. ಇಬ್ಬರಿದ್ದರೆ ಒಲೆ ಆರಲ್ಲ, ಮಾಲೀಕರ ಬಿಪಿಯೂ ಏರಲ್ಲ. ಯಾರ ಜೊತೆ ಯಾರನ್ನು ಕೂರಿಸಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಒಂದು ವಾರ ನನ್ನ ಜೊತೆ ನಿಂತರೆ ತೋರಿಸುತ್ತೇನೆ.

ಒಂದು ಕಡೆ ಪೆಟ್ಟೂ ತಿಂದೆವು. ಹಳೇ ಕೇಸಿನ ವಿಷಯ ತಿಳಿದ ಮಾಲೀಕರೊಬ್ಬರು ಒಬ್ಬ ಹುಡುಗನ ಎರಡು ತಿಂಗಳ ಸಂಬಳ ಹಿಡಿದರು. ನಾನು ಹೋಗಿ ಕ್ಯಾಷ್ ಕೌಂಟರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಮಧ್ಯಾಹ್ನದ ಊಟದ ರಶ್ ಶುರುವಾಗುವ ಹೊತ್ತಿಗೆ ಕೊಟ್ಟರು. ಈಗ ಕೇಸಿನ ವಿಷಯವನ್ನು ಆ ಹುಡುಗರ ಒಪ್ಪಿಗೆ ಕೇಳಿ ನಾನೇ ಮೊದಲು ಹೇಳಿಬಿಡುತ್ತೇನೆ. ಮದುವೆ ಕಂಟ್ರಾಕ್ಟರ್‌ಗಳು ಸುಲಭವಾಗಿ ಒಪ್ಪುತ್ತಾರೆ, ಆದರೆ ಆಷಾಢದಲ್ಲಿ ಅವರ ಹತ್ತಿರ ಕೆಲಸವೇ ಇರಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಒಬ್ಬರಿಗೆ 24 ದಿನದ ಕೂಲಿ 7,200, ಮೆಡಿಕಲ್ ಸರ್ಟಿಫಿಕೇಟು ಮತ್ತು ಟೈಫಾಯಿಡ್ ಇಂಜೆಕ್ಷನ್ ಸೇರಿ 700, ಏಪ್ರನ್, ಟೋಪಿ, ಚಪ್ಪಲಿಗೆ 800, ಹಾಳಾಗುವ ಹಿಟ್ಟು ಗ್ಯಾಸಿಗೆ 1,500. ಹತ್ತು ಸಾವಿರದ ಮೇಲೆ ಸ್ವಲ್ಪ. ಹತ್ತನೇ ದಿನದಿಂದ ಅವರು ಮಾಡಿದ ಇಡ್ಲಿ ಮಾರಾಟಕ್ಕೆ ಬರುತ್ತದೆ. ಮೂರು ತಿಂಗಳು ನಿಂತರೆ ಹೋಟೆಲಿನವರಿಂದ 4,000 ತಗೋತೀನಿ. ಕಲಿತವರಿಂದ ಒಂದು ಪೈಸೆಯೂ ಇಲ್ಲ. ನನ್ನ ಕೈಯಿಂದ ತಲೆಗೆ ಎರಡು ಮೂರು ಸಾವಿರ ಹೋಗುತ್ತದೆ, ಹೋಗಲಿ. ಅವರಿಗೆ ಶುರುವಿನಲ್ಲಿ 13-14 ಸಾವಿರ, ಜೊತೆಗೆ ಊಟ. ಶಿರಾ ಅಣ್ಣನಿಗೆ ಈಗ 21 ಸಾವಿರ. ಹೋಗುವಾಗ ಆ ಸೌಟು ಕೊಡ್ತೀರಾ ಅಂತ ಕೇಳಿದ, ಕೊಟ್ಟು ಕಳಿಸಿದೆ.

ಆಷಾಢ ಕಳೆದ ಮೇಲೆ ಆರನೇ ಬ್ಯಾಚ್. ಆರು ಜನ ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಒಬ್ಬರಿಗೆ ಕೈ ನಡುಕ ಇದೆ. ಅಷ್ಟರೊಳಗೆ ತುಮಕೂರಿಗೆ ಹೋಗಿ ಅಂಥದ್ದೇ ಇನ್ನೊಂದು ಹಿತ್ತಾಳೆ ಸೌಟು ಹುಡುಕಬೇಕು.